ತಾಟಿಗೆ ಇನ್ನೊಂದು ಏನು ಸೇರಿಸೋಣ? ನಾಲ್ಕು–ಐದನೇ ತರಗತಿಗೆ ಊಟದ ಪಾಠ

ಆರೋಗ್ಯಕರ ಆಹಾರದ ಪಾಠ ಅಂದ ಕೂಡಲೇ ಗೋಡೆಗೆ ಒಂದು ಚಾರ್ಟ್ ಏರುತ್ತದೆ. ಸೇಬು, ಬ್ರೊಕೊಲಿ, ಬ್ರೆಡ್ಡು, ಕಿತ್ತಳೆ ರಸದ ಗ್ಲಾಸು. ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಚಿತ್ತಾಪುರ, ಶಹಾಪುರ, ಔರಾದ ಕಡೆಯ ಹಳ್ಳಿಯ ಮಗು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೀತು. ಸಂಜೆ ಮನೆಗೆ ಹೋದ ಮೇಲೆ ಮಾಡುವುದಕ್ಕೆ ಅದರಲ್ಲಿ ಏನೂ ಇರುವುದಿಲ್ಲ. ಹತ್ತು ವರ್ಷದ ಮಗು ಮನೆಯ ಅಡುಗೆ ನಿರ್ಧರಿಸುವುದಿಲ್ಲ, ಸಂತೆ ಮಾಡುವುದಿಲ್ಲ. ಅದರ ಕೈಯಲ್ಲಿ ಇರುವುದು ಸಣ್ಣ ಸಣ್ಣ ಆಯ್ಕೆಗಳು: ರೊಟ್ಟಿ ಜೊತೆ ಉಳ್ಳಾಗಡ್ಡಿ ಕಚ್ಚುವುದೋ ಬಿಡುವುದೋ, ಬೇಳೆ ಸಾರಿನಲ್ಲಿನ ತರಕಾರಿ ತಿನ್ನುವುದೋ ಬದಿಗೆ ಸರಿಸುವುದೋ, ಕೈಗೆ ಬಂದ ಐದು ರೂಪಾಯಿಗೆ ಕುರುಕಲು ಪಾಕೀಟು ತರುವುದೋ ಪೇರಲ ಹಣ್ಣು ತರುವುದೋ. ಪಾಠ ಇಲ್ಲಿಗೆ ಮುಟ್ಟಬೇಕು. ಅದಕ್ಕೇ ಇಡೀ ಪಾಠವನ್ನು ಒಂದೇ ಪ್ರಶ್ನೆಯ ಮೇಲೆ ಕಟ್ಟುವುದು ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ: ತಾಟಿನಲ್ಲಿ ಈಗಾಗಲೇ ಇರುವುದಕ್ಕೆ ಇನ್ನೊಂದು ಏನು ಸೇರಿಸಬಹುದು?

ಸೇರಿಸುವ ಮಾತಿನಿಂದ ಶುರು ಮಾಡುವುದಕ್ಕೆ ಕಾರಣ ಉಂಟು. "ಇದು ಕೆಟ್ಟದ್ದು, ತಿನ್ನಬ್ಯಾಡ್ರಿ" ಎಂದ ಗಳಿಗೆಯಲ್ಲೇ ಆ ಪದಾರ್ಥ ಮನೆಯಲ್ಲಿ ದಿನಾ ಇರುವ ಮಗು ತಲೆ ತಗ್ಗಿಸುತ್ತದೆ. ಆಮೇಲೆ ಅದು ಪಾಠದಲ್ಲಿ ಕೈ ಎತ್ತುವುದಿಲ್ಲ. ಇದೇ ಕಾರಣಕ್ಕೆ "ನಿನ್ನಿ ರಾತ್ರಿ ಏನ್ ಉಂಡ್ರಿ?" ಎಂದು ಎಲ್ಲರ ಮುಂದೆ ಕೇಳಲೂಬಾರದು. ಅಪ್ಪ ಅಮ್ಮ ಮುಂಬೈಗೋ ಬೆಂಗಳೂರಿಗೋ ದುಡಿಯಲು ಹೋಗಿ, ಅಜ್ಜಿ ಹತ್ತಿರ ಉಳಿದ ಮಕ್ಕಳು ಈ ಜಿಲ್ಲೆಗಳ ಬಹುತೇಕ ತರಗತಿಗಳಲ್ಲಿ ಇದ್ದಾರೆ. ಮನೆಯಲ್ಲಿ ಏನು ಬೇಯುತ್ತದೆ, ಏನು ಬೇಯುವುದಿಲ್ಲ ಅನ್ನುವುದರಲ್ಲಿ ಜಾತಿ, ಧರ್ಮ, ಬಡತನ ಎಲ್ಲವೂ ಬಯಲಾಗುತ್ತವೆ. "ನಮ್ಮೂರಾಗ ಏನೇನು ತಿನ್ನೋದು ಸಿಗ್ತದ?" ಎಂದು ಕೇಳಿದರೆ ಮಾಹಿತಿ ಅಷ್ಟೇ ಬರುತ್ತದೆ, ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ.

30 ಮಕ್ಕಳಿಗೆ ಲೆಕ್ಕ ಹಾಕೋಣ. ಐದೈದು ಮಕ್ಕಳ ಆರು ಗುಂಪು, 40 ನಿಮಿಷದ ಎರಡು ಪೀರಿಯಡ್. ಎರಡನ್ನೂ ಒಂದೇ ದಿನ ಮುಗಿಸಬೇಡಿ. ನಡುವೆ ಒಂದು ದಿನ ಇರಲಿ, ಕಾಳು ಮೊಳಕೆ ಬರುವುದಕ್ಕೆ ಅದು ಬೇಕಾಗುತ್ತದೆ.

ಪ್ರತಿ ಗುಂಪಿಗೆ ಹಳೆಯ ಡಬ್ಬಿ ಮುಚ್ಚಳಗಳಲ್ಲಿ ಒಂದೊಂದು ಹಿಡಿ ಜೋಳ, ಸಜ್ಜೆ, ಅಕ್ಕಿ, ತೊಗರಿ ಬೇಳೆ, ಹೆಸರು, ಮಡಕಿ ಕಾಳು, ಶೇಂಗಾ. ಜೊತೆಗೆ ಒಂದು ಆಲೂಗಡ್ಡೆ, ಒಂದು ಉಳ್ಳಾಗಡ್ಡಿ, ಅರ್ಧ ನಿಂಬೆಹಣ್ಣು, ಎರಡು ಬಗೆಯ ಸೊಪ್ಪು. ಪುಂಡಿ ಮತ್ತು ಮೆಂತೆ ಇದ್ದರೆ ಉತ್ತಮ, ಇಲ್ಲದಿದ್ದರೆ ರಾಜಗಿರಿ, ಸಬ್ಬಸಗಿ, ನುಗ್ಗೆ ಯಾವುದಾದರೂ ನಡೆಯುತ್ತದೆ. ಹಾಲು, ಮೊಸರು, ತತ್ತಿ, ಬಾಳೆಹಣ್ಣು ಇವುಗಳ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟರೆ ಸಾಕು. ಮಕ್ಕಳ ಕೈ ತಾಗಿದ ಕಾಳನ್ನು ಬಿಸಿಯೂಟದ ಅಡುಗೆಮನೆಗೆ ವಾಪಸು ಕೊಡಬಾರದು. ಒಣಗಿಸಿ ಬಾಟಲಿಗೆ ಹಾಕಿ, ನಾಲ್ಕು ಬೇವಿನೆಲೆ ಇಟ್ಟು ಮುಚ್ಚಿದರೆ ಮುಂದಿನ ವರ್ಷದ ಪಾಠಕ್ಕೆ ಬರುತ್ತದೆ. ಶೇಂಗಾ ಆಗದ ಮಗು ಇದೆಯೇ ಎಂದು ಮೊದಲೇ ತಂದೆತಾಯಿಯನ್ನು ಕೇಳಿಕೊಳ್ಳಿ.

ಮೊದಲ ಕೆಲಸ ವಿಂಗಡಣೆ. ಇಲ್ಲಿ ಶಿಕ್ಷಕರು ಮಾಡುವ ದೊಡ್ಡ ಅವಸರ ಎಂದರೆ ಬೋರ್ಡಿನ ಮೇಲೆ ಮೊದಲೇ "ಶಕ್ತಿ ಕೊಡುವ ಆಹಾರ, ದೇಹ ಬೆಳೆಸುವ ಆಹಾರ, ರೋಗ ತಡೆಯುವ ಆಹಾರ" ಎಂದು ಮೂರು ಕಲಮು ಎಳೆಯುವುದು. ಹಾಗೆ ಮಾಡಿದರೆ ಮಕ್ಕಳು ಶಿಕ್ಷಕರ ಮುಖ ನೋಡಿ ಊಹಿಸುತ್ತಾರೆ, ಕಾಳಿನ ಕಡೆ ನೋಡುವುದಿಲ್ಲ. "ನಿಮಗ ತಿಳಿದಂಗ ಗುಂಪು ಮಾಡ್ರಿ" ಎಂದಷ್ಟೇ ಹೇಳಿ ಐದು ನಿಮಿಷ ಸುಮ್ಮನಿರಿ. ಬಣ್ಣದಿಂದ, ಗಾತ್ರದಿಂದ, ರುಚಿಯಿಂದ ಗುಂಪು ಮಾಡುತ್ತಾರೆ, ಮಾಡಲಿ. ಆಮೇಲೆ ಎರಡನೇ ಪ್ರಶ್ನೆ: "ರೊಟ್ಟಿ, ಅನ್ನ ಆಗೋವು ಯಾವು? ಬ್ಯಾಳಿ, ಕಾಳು ಪಲ್ಯ ಆಗೋವು ಯಾವು? ಹಸೀದ ತಿನ್ನೋವು ಯಾವು?" ಈಗ ಹಳೆಯ ಗುಂಪು ಒಡೆದು ಹೊಸದು ಆಗುತ್ತದೆ. ಜಗಳ ಹುಟ್ಟುವುದು ಎರಡು ಕಡೆ. ಶೇಂಗಾ ಬೇಳೆಯ ಕಡೆಗೋ ಎಣ್ಣೆಯ ಕಡೆಗೋ? ಆಲೂಗಡ್ಡೆ ತರಕಾರಿಯೋ ಅನ್ನದ ಜೊತೆಗಾರನೋ? ಉತ್ತರ ಹೇಳಬೇಡಿ. ಆ ಎರಡೂ ಪ್ರಶ್ನೆಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಮುಂದಿನ ಪ್ರಯೋಗಕ್ಕೆ ಹಸಿವು ಹುಟ್ಟುವುದು ಈ ಜಗಳದಿಂದಲೇ.

ಪ್ರಯೋಗ ಅಯೋಡಿನ್‌ದು. ಔಷಧಿ ಅಂಗಡಿಯಲ್ಲಿ ಸಿಗುವ ಟಿಂಕ್ಚರ್ ಅಯೋಡಿನ್ ಅಥವಾ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣ, ಒಂದು ಭಾಗಕ್ಕೆ ಸುಮಾರು ಹತ್ತು ಭಾಗ ನೀರು. ತೆಳು ಡಿಕಾಕ್ಷನ್ ಬಣ್ಣ ಬಂದರೆ ಹದ ಸರಿಯಾಯಿತು. ಗಟ್ಟಿಯಾಗಿ ಬಿಟ್ಟರೆ ಎಲ್ಲವೂ ಕಂದು ಕಾಣುತ್ತದೆ, ವ್ಯತ್ಯಾಸ ತಿಳಿಯುವುದಿಲ್ಲ. ಮುಲಾಮು ಈ ಕೆಲಸಕ್ಕೆ ಬರುವುದಿಲ್ಲ. ಹನಿ ಬಿಡುವುದು ಶಿಕ್ಷಕರೇ ಆಗಬೇಕು, ಹನಿ ಬಿದ್ದದ್ದನ್ನು ಯಾರೂ ತಿನ್ನಬಾರದು. ಕೊನೆಗೆ ಎಲ್ಲವನ್ನೂ ಒಟ್ಟು ಮಾಡಿ ಚೆಲ್ಲಿ, ಕೈ ತೊಳೆಸಿ.

ಪಿಷ್ಟ ಇದ್ದಲ್ಲಿ ಹನಿ ಕಡುನೀಲಿ, ಕಪ್ಪು ಆಗುತ್ತದೆ. ಅನ್ನ, ರೊಟ್ಟಿ, ಆಲೂಗಡ್ಡೆ ಮೂರೂ ಕಪ್ಪಾಗುತ್ತವೆ. ಆಲೂಗಡ್ಡೆಯ ಜಗಳ ಅಲ್ಲಿಗೆ ಇತ್ಯರ್ಥ: ಅದು ಅನ್ನದ ಕೆಲಸ ಮಾಡುತ್ತದೆ, ಆದ್ದರಿಂದ ಅನ್ನದ ಜೊತೆ ಬರೀ ಆಲೂಗಡ್ಡೆ ಪಲ್ಯ ಇದ್ದರೆ ಒಂದೇ ಕೆಲಸದವರು ಇಬ್ಬರು ಬಂದಂತೆ. ಉಳ್ಳಾಗಡ್ಡಿ ಕಪ್ಪಾಗುವುದಿಲ್ಲ, ಬೇಯಿಸಿದ ತತ್ತಿಯ ಬಿಳಿಭಾಗವೂ ಆಗುವುದಿಲ್ಲ. ಕಾಯಿಬಾಳೆ ಮತ್ತು ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಪಕ್ಕಪಕ್ಕ ಇಟ್ಟರೆ ಕಾಯಿ ಗಾಢವಾಗಿ ತಿರುಗುತ್ತದೆ, ಹಣ್ಣಿನಲ್ಲಿ ಬಣ್ಣ ಕಡಿಮೆ. ಹಣ್ಣಾಗುವಾಗ ಪಿಷ್ಟ ಸಕ್ಕರೆಯಾಗುತ್ತದೆ.

ಈ ಪ್ರಯೋಗ ಕೆಡುವ ಜಾಗಗಳು ಗೊತ್ತಿರಬೇಕು. ಬಿಸಿ ಅನ್ನದ ಮೇಲೆ ಹನಿ ಬಿಟ್ಟರೆ ನೀಲಿ ಮೂಡುವುದಿಲ್ಲ, ಶಾಖಕ್ಕೆ ಅದು ನಿಲ್ಲದು. ತಣ್ಣಗಾದ ಮೇಲೆ ಪರೀಕ್ಷಿಸಿ. ಅರಿಶಿನ ಹಾಕಿದ ಸಾರಿನಲ್ಲಿ ಬಣ್ಣ ಕಾಣದು. ಒಗ್ಗರಣೆಗೂ ಅರಿಶಿನಕ್ಕೂ ಮೊದಲಿನ ಬೇಳೆ ತೆಗೆದಿಡಲು ಅಡುಗೆಯವರಿಗೆ ಹೇಳಿ. ನಿಂಬೆ ಹಿಂಡಿದ ಸುಸಲಾ (ಮಂಡಕ್ಕಿ ಒಗ್ಗರಣೆ) ತಂದರೆ ಬಣ್ಣ ಬಂದದ್ದೂ ಮಾಯವಾದೀತು, ಏಕೆಂದರೆ ಸಿ ಜೀವಸತ್ವ ಅಯೋಡಿನ್ನಿನ ಬಣ್ಣ ಕಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ತೊಗರಿ ಬೇಳೆ. ಅದೂ ಕಪ್ಪಾಗುತ್ತದೆ! "ಸರ್ರೀ, ಬ್ಯಾಳಿ ದೇಹ ಬೆಳಸ್ತದ ಅಂದ್ರಿ, ಇದೂ ಕರ್ರಗಾತಲ್ರೀ" ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದನ್ನು ತಿಪ್ಪೆ ಸಾರಿಸಿ ಮುಂದೆ ಹೋಗಬೇಡಿ. ಬೇಳೆಯಲ್ಲಿ ಪಿಷ್ಟವೂ ಇದೆ, 100 ಗ್ರಾಮಿಗೆ ಸುಮಾರು 22 ಗ್ರಾಮ್ ಪ್ರೋಟೀನೂ ಇದೆ. ಜೋಳದಲ್ಲಿ ಪ್ರೋಟೀನು ಸುಮಾರು 10 ಗ್ರಾಮ್. ಒಂದು ಪದಾರ್ಥಕ್ಕೆ ಒಂದೇ ಕೆಲಸ ಎಂಬ ಮೂರು ಕಲಮಿನ ಚಾರ್ಟು ಮಕ್ಕಳ ಕಣ್ಣೆದುರೇ ಒಡೆಯುವುದು ಇಲ್ಲಿ, ಒಡೆಯಲಿ.

ಜೋಳ ಮತ್ತು ಬೇಳೆ ಯಾಕೆ ಜೋಡಿ ಎಂಬುದನ್ನು ಇಲ್ಲೇ ಹೇಳಬೇಕು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳುಗಳಲ್ಲಿ ಅದು ಚೆನ್ನಾಗಿದೆ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಜೋಳದಿಂದ ಬರುತ್ತದೆ. ಮಕ್ಕಳಿಗೆ ಈ ಹೆಸರುಗಳು ಬೇಡ. ಇದರಲ್ಲಿ ಇಲ್ಲದ್ದು ಅದರಲ್ಲಿದೆ ಎಂದರೆ ಸಾಕು. 2019ರಲ್ಲಿ ಭೌಗೋಳಿಕ ಸೂಚಕ (ಊರಿನ ಹೆಸರಿನ ಅಧಿಕೃತ ಗುರುತು) ಪಡೆದ ತೊಗರಿ ತಮ್ಮ ಹೊಲದ್ದೇ ಎಂಬುದು ಕಲಬುರಗಿಯ ಮಕ್ಕಳಿಗೆ ಗೊತ್ತಾಗಲಿ.

ಸಿ ಜೀವಸತ್ವದ ಪ್ರಯೋಗವನ್ನು ಬೇರೆಯಾಗಿ ಮಾಡಿದರೆ ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾರೆ. ಎರಡು ಗ್ಲಾಸಿನಲ್ಲಿ ಸಮ ಅಳತೆಯ ನೀರು, ಎರಡಕ್ಕೂ ಅಷ್ಟಷ್ಟೇ ಅಯೋಡಿನ್ ಹನಿ. ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಸೋಸಿದ ನೆಲ್ಲಿಕಾಯಿ ರಸ, ಹನಿ ಹನಿಯಾಗಿ ಎಣಿಸುತ್ತ ಹಾಕಲಿ. ನೆಲ್ಲಿಕಾಯಿಯದು ಕಡಿಮೆ ಹನಿಗೇ ತಿಳಿಯಾಗುತ್ತದೆ. ಇಲ್ಲಿಂದ ಮಾತು ಬೇಳೆ ಮತ್ತು ಸೊಪ್ಪಿಗೆ ಹೊರಳಲಿ: ಅವುಗಳಲ್ಲಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಬೇಕು, ಕುದಿಸಿದರೆ ಅದು ಕಡಿಮೆಯಾಗುತ್ತದೆ. ಚಹಾ ಇದಕ್ಕೆ ತದ್ವಿರುದ್ಧ, ಅದರಲ್ಲಿನ ಟ್ಯಾನಿನ್ ಕಬ್ಬಿಣಾಂಶವನ್ನು ಹಿಡಿದಿಡುತ್ತದೆ. ಬೆಳಿಗ್ಗೆ ಚಹಾದಲ್ಲಿ ರೊಟ್ಟಿ ಅದ್ದಿ ತಿಂದು ಬರುವ ಮಕ್ಕಳು ನಮ್ಮಲ್ಲಿ ಬಹಳ. ಅದನ್ನು ತಪ್ಪು ಎನ್ನದೆ, ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರ ಇಡಬಹುದೇ ಎಂದು ಕೇಳಿ.

ಎಣ್ಣೆಯ ಪರೀಕ್ಷೆಗೆ ಬರೀ ಕಾಗದ ಸಾಕು. ಪಾಕೀಟಿನ ಕುರುಕಲು, ಹುರಿದ ಶೇಂಗಾ, ಖಡಕ್ ರೊಟ್ಟಿ ಮೂರನ್ನೂ ಕಾಗದದ ಮೇಲೆ ಉಜ್ಜಿ, ಇನ್ನೊಂದು ಜಾಗದಲ್ಲಿ ನೀರಿನ ಹನಿ ಇಡಿ. ಹತ್ತು ನಿಮಿಷದಲ್ಲಿ ನೀರಿನ ಕಲೆ ಒಣಗುತ್ತದೆ, ಎಣ್ಣೆಯದು ಬೆಳಕಿಗೆ ಹಿಡಿದರೆ ಹೊಳೆಯುತ್ತಲೇ ಇರುತ್ತದೆ. ಶೇಂಗಾ ಕೂಡ ಕಲೆ ಬಿಡುವುದರಿಂದ ಮಕ್ಕಳು ಶೇಂಗಾ ಕೆಟ್ಟದ್ದು ಎಂದು ತೀರ್ಮಾನಿಸುವ ಅಪಾಯ ಇದೆ. ಶೇಂಗಾದಲ್ಲಿ ಎಣ್ಣೆಯ ಜೊತೆ 100 ಗ್ರಾಮಿಗೆ ಸುಮಾರು 25 ಗ್ರಾಮ್ ಪ್ರೋಟೀನಿದೆ. ಪಾಕೀಟಿನಲ್ಲಿ ಎಣ್ಣೆ, ಉಪ್ಪು, ಪಿಷ್ಟ ಬಿಟ್ಟರೆ ಉಳಿಯುವುದು ಸ್ವಲ್ಪ. ಶೇಂಗಾ ಹಿಂಡಿ (ಚಟ್ನಿಪುಡಿ) ಹಚ್ಚಿದ ರೊಟ್ಟಿಗೆ ಮೊಸರು ಸೇರಿದರೆ ಅದು ಒಳ್ಳೆಯ ಊಟವೇ.

ಎರಡನೇ ಪೀರಿಯಡ್ಡಿಗೆ ಅಡುಗೆಮನೆಯ ತಕ್ಕಡಿ ಬೇಕು. ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ದಿನಕ್ಕೆ ಧಾನ್ಯ 100 ಗ್ರಾಮ್, ಬೇಳೆ 20, ತರಕಾರಿ 50, ಎಣ್ಣೆ 5 ಗ್ರಾಮ್ ಎಂದು ನಿಗದಿ ಇದೆ. ಅದರಿಂದ 450 ಕ್ಯಾಲೊರಿ, 12 ಗ್ರಾಮ್ ಪ್ರೋಟೀನ್ ಬರಬೇಕು. ಪ್ರತಿ ಗುಂಪೂ 20 ಗ್ರಾಮ್ ಬೇಳೆಯನ್ನೂ 50 ಗ್ರಾಮ್ ತರಕಾರಿಯನ್ನೂ ಮೊದಲು ಕೈಯಂದಾಜಿನಲ್ಲಿ ಇಟ್ಟು ಆಮೇಲೆ ತೂಗಲಿ. ತರಗತಿಗೆ ಎಷ್ಟಾಯಿತು? ಬೇಳೆ 600 ಗ್ರಾಮ್, ತರಕಾರಿ ಒಂದೂವರೆ ಕಿಲೊ, ಎಣ್ಣೆ 150 ಗ್ರಾಮ್. ಅಂದಿನ ಗಣಿತದ ಪಾಠವೂ ಆಯಿತು. ತತ್ತಿಯ ಮಾತು ಬಂದರೆ ನೇರವಾಗಿ ಹೇಳಿ: ಒಂದರಲ್ಲಿ ಸುಮಾರು 6 ಗ್ರಾಮ್ ಪ್ರೋಟೀನ್, 2021ರ ಡಿಸೆಂಬರಿನಲ್ಲಿ ರಾಜ್ಯದ ಶಾಲೆಗಳಲ್ಲಿ ಅದು ಶುರುವಾದ ಏಳು ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ, ಯಾದಗಿರಿ ಮೂರೂ ಇದ್ದವು. ತಿನ್ನದ ಮಗುವಿಗೆ ಬೇಳೆ, ಹಾಲು, ಶೇಂಗಾ ಇವೆ. ಯಾರು ತತ್ತಿ ತಗೊಂಡರು, ಯಾರು ಬಾಳೆಹಣ್ಣು ತಗೊಂಡರು ಎಂದು ಎಣಿಸುವುದು ಈ ಪಾಠದ ಕೆಲಸವಲ್ಲ.

ಆಮೇಲೆ ತಾಟು ಕಟ್ಟುವ ಆಟ. ನೆಲದ ಮೇಲೆ ಚಾಕ್‌ಪೀಸಿನಿಂದ ಒಂದು ಮೊಳ ಅಗಲದ ವೃತ್ತ, ಒಳಗೆ ಮೊದಲೇ ರೊಟ್ಟಿ ಮತ್ತು ಶೇಂಗಾ ಹಿಂಡಿ ಎಂದು ಬರೆದಿಡಿ. ಪ್ರತಿ ಗುಂಪೂ ಒಂದು ಚೀಟಿ ಎತ್ತುತ್ತದೆ. "ಏಪ್ರಿಲ್ ತಿಂಗಳು, ಸಂತ್ಯಾಗ ಸೊಪ್ಪಿಲ್ಲ." "ಕೈಯಾಗ ಐದೇ ರೂಪಾಯಿ." "ಇವತ್ತು ಒಪ್ಪತ್ತು." "ಅವ್ವ ಹೊಲಕ್ಕ ಹೋಗ್ಯಾಳ, ಒಲಿ ಹಚ್ಚಂಗಿಲ್ಲ." ಆ ಪರಿಸ್ಥಿತಿಯಲ್ಲಿ ಒಂದೇ ಒಂದನ್ನು ಸೇರಿಸಬೇಕು, ಯಾಕೆ ಎಂದೂ ಹೇಳಬೇಕು. ಮಜ್ಜಿಗೆ, ಸೌತೆಕಾಯಿ, ಮೊದಲೇ ಬೇಯಿಸಿಟ್ಟ ಮಡಕಿ, ಒಣಗಿಸಿಟ್ಟ ಮೆಂತೆ, ಹಸಿ ಉಳ್ಳಾಗಡ್ಡಿ, ನಿಂಬೆ — ಉತ್ತರಗಳು ಬೇರೆಬೇರೆ ಬರುತ್ತವೆ. ಈ ಚೀಟಿಗಳಿಲ್ಲದಿದ್ದರೆ ಎಲ್ಲ ಗುಂಪುಗಳೂ ಹಣ್ಣು, ಹಾಲು, ತುಪ್ಪ ತುಂಬಿದ ಕನಸಿನ ತಾಟು ಬಿಡಿಸಿ ಕೂರುತ್ತವೆ.

ಇಲ್ಲಿ ಬಿಸಿಯೂಟದ ಅಡುಗೆಯವರನ್ನು ತರಗತಿಗೆ ಕರೆಯಿರಿ. ಪುಂಡಿ ಪಲ್ಯ ಹೇಗೆ ಮಾಡುತ್ತಾರೆ ಎಂದು ಅವರ ಬಾಯಿಂದಲೇ ಕೇಳಲಿ: ಸೊಪ್ಪು, ತೊಗರಿ ಬೇಳೆ, ಜೋಳದ ನುಚ್ಚು, ಬೆಳ್ಳುಳ್ಳಿ, ಮೇಲೆ ಶೇಂಗಾ ಎಣ್ಣೆಯ ಒಗ್ಗರಣೆ. ವಿಂಗಡಿಸಿದ ಅಷ್ಟೂ ಗುಂಪು ಒಂದೇ ಪಾತ್ರೆಯಲ್ಲಿ ಇರುವುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಎಳ್ಳ ಅಮವಾಸ್ಯೆಯ ಹಿಂದಿನ ವಾರ ಈ ಪಾಠ ಇಟ್ಟುಕೊಂಡರೆ ಇನ್ನೂ ಚೆಂದ. ಹೊಲದಲ್ಲಿ ಹಸಿ ತೊಗರಿ, ಹಸಿ ಕಡಲೆ, ಸೊಪ್ಪು ಎಲ್ಲ ಇರುವ ಕಾಲ. ಕಾಳು, ಸೊಪ್ಪು, ತರಕಾರಿ ಒಟ್ಟಿಗೆ ಬೇಯಿಸುವ ಹಬ್ಬದ ಭಜ್ಜಿಗೆ ಮನೆಯಲ್ಲಿ ಎಷ್ಟು ಬಗೆ ಬಿದ್ದವು ಎಂದು ಎಣಿಸಿಕೊಂಡು ಬರುವುದೇ ಮನೆಗೆಲಸ.

ಮೊಳಕೆಯ ಕೆಲಸ ಎರಡು ಪೀರಿಯಡ್‌ಗಳ ನಡುವೆ ಸಾಗುತ್ತಿರುತ್ತದೆ. ಗುಂಪಿಗೆ 50 ಗ್ರಾಮ್ ಹೆಸರು, ಎಂಟು ತಾಸು ನೆನೆಸಿ, ನೀರು ಪೂರ್ತಿ ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಬೇಕು. ಬೇಸಿಗೆಯಲ್ಲಿ ಹನ್ನೆರಡು ತಾಸಿಗೇ ಮೊಳಕೆ ಕಾಣುತ್ತದೆ, ಡಿಸೆಂಬರಿನಲ್ಲಿ ಇನ್ನೊಂದು ದಿನ ಹಿಡಿಯಬಹುದು. ಬಿಗಿಯಾಗಿ ಕಟ್ಟಿದರೆ, ಇಲ್ಲವೇ ತಳದಲ್ಲಿ ನೀರು ನಿಂತರೆ ಲೋಳೆಯಾಗಿ ವಾಸನೆ ಬರುತ್ತದೆ. ಅದನ್ನು ಎಸೆಯಬೇಕು, ತೊಳೆದು ತಿನ್ನಿಸಬಾರದು. ಮೊಳಕೆಗೆ ಬೇಕಾದ ಬೆಚ್ಚನೆಯ ತೇವವೇ ರೋಗಾಣುಗಳಿಗೂ ಬೇಕು, ಆದ್ದರಿಂದ ಮಕ್ಕಳಿಗೆ ಬೇಯಿಸಿಯೇ ಕೊಡಿ. ಬೆಂದ ಮೇಲೆ ನಿಂಬೆ, ಉಳ್ಳಾಗಡ್ಡಿ, ಚಿಟಿಕೆ ಉಪ್ಪು.

ಪಾಠ ತಾಗಿತೋ ಇಲ್ಲವೋ ಎಂದು ತಿಳಿಯಲು ಲಿಖಿತ ಪರೀಕ್ಷೆ ಬೇಡ. ಊಟವಾದ ಮೇಲೆ ಬದಿಗೆ ಸರಿಸಿದ ತರಕಾರಿಯನ್ನು ಎಲ್ಲರೂ ಒಂದೇ ಬಕೆಟ್ಟಿಗೆ ಹಾಕಲಿ, ಅದನ್ನು ತೂಗಿ ಬರೆದಿಡಿ. ಪಾಠಕ್ಕೆ ಮೊದಲು ಒಂದು ಬಾರಿ, ಎರಡು ವಾರದ ನಂತರ ಒಂದು ಬಾರಿ. ವಾರದ ಅದೇ ದಿನ, ಅದೇ ಅಡುಗೆ ಇರಬೇಕು, ಹಾಜರಾದ ಮಕ್ಕಳ ಸಂಖ್ಯೆಯಿಂದ ಭಾಗಿಸಬೇಕು. ಬದನೆಕಾಯಿ ಹಾಕಿದ ದಿನವನ್ನು ಗಜ್ಜರಿ ಹಾಕಿದ ದಿನದ ಜೊತೆ ಹೋಲಿಸಿದರೆ ಲೆಕ್ಕ ಸುಳ್ಳಾಗುತ್ತದೆ. ತೂಕ ಇಳಿಯದಿದ್ದರೆ ಮಕ್ಕಳನ್ನು ಬೈಯುವ ಮೊದಲು ಹೋಳು ಎಷ್ಟು ದೊಡ್ಡದಿದೆ, ಚೆನ್ನಾಗಿ ಬೆಂದಿದೆಯೇ ಎಂದು ಅಡುಗೆಯವರೊಂದಿಗೆ ಕೂತು ನೋಡಿ. ಹೋಳು ಸಣ್ಣದು ಮಾಡಿಸಿ, ಮುಂದಿನ ವಾರ ಅದೇ ದಿನ ಮತ್ತೆ ತೂಗಿ.