ಕ್ಲಬ್ಬಿನ ಈ ವಾರ: ನೀರಿನ ಯಂತ್ರ, ಕಣ್ಣಿನ ಶಿಬಿರ, ಒಂದಷ್ಟು ಜಗಳ

ಗುರುವಾರದ ಮೀಟಿಂಗಿನಲ್ಲಿ ಈ ಸಲ ಜೋರು ಚರ್ಚೆ ನಡೆಯಿತು. ಚರ್ಚೆ ಅನ್ನುವುದು ಮರ್ಯಾದೆಗೆ, ನಡೆದದ್ದು ಜಗಳವೇ. ಊರಾಚೆಯ ಒಂದು ಸರ್ಕಾರಿ ಶಾಲೆಗೆ ಕುಡಿಯುವ ನೀರಿನ ಆರ್‌ಒ ಯಂತ್ರ ಕೊಡಿಸೋಣ ಅಂತ ಪ್ರಸ್ತಾಪ ಬಂತು. ಎಲ್ಲರೂ ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ನಮ್ಮ ನಿವೃತ್ತ ವಿಜ್ಞಾನ ಮೇಷ್ಟ್ರು ಎದ್ದು ನಿಂತು, "ಅದೇ ರಸ್ತೆಯಲ್ಲಿ ಇನ್ನೊಂದು ಶಾಲೆ ಇದೆಯಲ್ಲ, ಅಲ್ಲಿನ ಯಂತ್ರ ಏನಾಗಿದೆ ಅಂತ ಯಾರಾದರೂ ಹೋಗಿ ನೋಡಿದ್ದೀರಾ?" ಅಂತ ಕೇಳಿದರು. ಯಾರೂ ನೋಡಿರಲಿಲ್ಲ. ಅವರು ನೋಡಿಕೊಂಡೇ ಬಂದಿದ್ದರು. ಹಿಂದೆ ಯಾರೋ ದಾನಿಗಳು ಕೊಟ್ಟ ಯಂತ್ರವಂತೆ, ಫಿಲ್ಟರ್ ಕಟ್ಟಿಕೊಂಡು ನಿಂತು ಹೋಗಿದೆ, ಅದರ ಮೇಲೆ ಈಗ ಬಿಸಿಯೂಟದ ತಟ್ಟೆ ಬೋರಲು ಹಾಕುತ್ತಾರೆ. ಮಕ್ಕಳು ಮೊದಲಿನ ಹಾಗೇ ಬಾವಿ ನೀರು ಕುಡಿಯುತ್ತಿದ್ದಾರೆ. ದಾನಿಗಳ ಹೆಸರಿನ ಸ್ಟಿಕ್ಕರ್ ಮಾತ್ರ ಚೆನ್ನಾಗಿದೆಯಂತೆ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಮ್ಮದು ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ಸಣ್ಣ ಪೇಟೆ, ಕ್ಲಬ್ಬು ರೋಟರಿ. ಈ ವರ್ಷ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಂದಿದೆ. ನನಗೆ ತಾಲ್ಲೂಕು ಕಚೇರಿ ಹತ್ತಿರ ಝೆರಾಕ್ಸ್ ಅಂಗಡಿ ಇರುವುದೂ ಇದಕ್ಕೆ ಒಂದು ಕಾರಣ ಅಂತ ನನಗೆ ಅನುಮಾನ. ರೋಟರಿಯಲ್ಲಿ ವರ್ಷ ಶುರುವಾಗುವುದು ಜುಲೈ 1ಕ್ಕೆ, ಮುಗಿಯುವುದು ಜೂನ್ 30ಕ್ಕೆ. ಅಧ್ಯಕ್ಷರು, ಕಾರ್ಯದರ್ಶಿ ಎಲ್ಲ ಅಷ್ಟರೊಳಗೆ ಬದಲು. ಒಳ್ಳೆಯದೇ, ಯಾರೂ ಕುರ್ಚಿಗೆ ಅಂಟಿಕೊಳ್ಳುವ ಹಾಗಿಲ್ಲ. ಆದರೆ ಇದರಿಂದ ಒಂದು ತೊಂದರೆಯೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೀಟಿಂಗು ಹೇಗಿರುತ್ತದೆ ಅಂತ ತುಂಬ ಜನ ಕೇಳುತ್ತಾರೆ. ಅಧ್ಯಕ್ಷರು ಕೊರಳಿಗೆ ಕಾಲರ್, ಅಂದರೆ ಹುದ್ದೆಯ ಹಾರ, ಹಾಕಿಕೊಂಡು ಗಂಟೆ ಹೊಡೆಯುತ್ತಾರೆ. ಪ್ರಾರ್ಥನೆ ಆಗುತ್ತದೆ. ಒಬ್ಬರು ಚತುರ್ವಿಧ ಪರೀಕ್ಷೆ ಓದುತ್ತಾರೆ: ಇದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುತ್ತದೆಯೇ, ಎಲ್ಲರಿಗೂ ಹಿತವೇ. ಇದನ್ನು ಬರೆದದ್ದು ಋಷಿಮುನಿಗಳಲ್ಲ. 1932ರಲ್ಲಿ ಷಿಕಾಗೋದ ಹರ್ಬರ್ಟ್ ಟೇಲರ್ ಅನ್ನುವವರು, ಮುಳುಗುತ್ತಿದ್ದ ಅಲ್ಯೂಮಿನಿಯಂ ಪಾತ್ರೆ ಕಂಪನಿಯೊಂದನ್ನು ಮೇಲೆತ್ತಲು ಬರೆದುಕೊಂಡದ್ದು. ಪಾತ್ರೆ ಮಾರುವವರಿಗೆ ಬರೆದ ಮಾತು ಈಗ ಲೋಕದ ತುಂಬ ಓದುತ್ತಾರೆ! ಆಮೇಲೆ ನನ್ನ ವರದಿ, ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವದವರಿಗೆ ಚಪ್ಪಾಳೆ, ಅತಿಥಿಗಳ ಮಾತು, ವಂದನಾರ್ಪಣೆ. ಕೊನೆಗೆ ಫೆಲೋಶಿಪ್. ಅಂದರೆ ಊಟ.

ಸುಮ್ನೆ ಊಟಕ್ಕೆ ಸೇರುತ್ತಾರೆ ಅಂತ ಹೊರಗಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂರು ಜನ ಗೆಳೆಯರ ಜೊತೆ ಕೂತು ಇದನ್ನು ಶುರುಮಾಡಿದ್ದೂ ಸ್ನೇಹಕ್ಕೇ, ಸಮಾಜ ಸೇವೆ ಆಮೇಲೆ ಬಂತು. ಒಬ್ಬೊಬ್ಬರ ಕಚೇರಿಯಲ್ಲಿ ಸರದಿ ಪ್ರಕಾರ ಸೇರುತ್ತಿದ್ದರಿಂದ ರೋಟರಿ ಅಂತ ಹೆಸರು. ನಮ್ಮಲ್ಲಿ ಜಾಗ ಸುತ್ತುವುದಿಲ್ಲ, ಊಟ ಹಾಕಿಸುವ ಪಾಳಿ ಮಾತ್ರ ಸುತ್ತುತ್ತದೆ. 2016ರ ನಂತರ ತಿಂಗಳಿಗೆ ಎರಡು ಸಲ ಸೇರಿದರೂ ಸಾಕು ಅಂತ ನಿಯಮ ಸಡಿಲವಾಗಿದೆ. ನಮ್ಮ ಹಿರಿಯರು ಕೇಳಬೇಕಲ್ಲ, ಪ್ರತಿ ಗುರುವಾರ ಬೇಕೇ ಬೇಕು.

ಇನ್ನು ನೀರಿನ ವಿಷಯ. ಶುಕ್ರವಾರ ಮಧ್ಯಾಹ್ನ ಅಂಗಡಿಗೆ ತಂಗಿಯನ್ನು ಕೂರಿಸಿ ಮೇಷ್ಟ್ರ ಜೊತೆ ಎರಡೂ ಶಾಲೆಗೆ ಹೋಗಿಬಂದೆ. ಅವರ ಜೇಬಿನಲ್ಲಿ ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಇತ್ತು. ನೀರಿನಲ್ಲಿ ಕರಗಿರುವ ಲವಣ ಎಷ್ಟು ಅಂತ ಅದು ತೋರಿಸುತ್ತದೆ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದು. ಈ ಶಾಲೆಯ ತೆರೆದ ಬಾವಿಯಲ್ಲಿ 100 ಕೂಡ ಇರಲಿಲ್ಲ. ಮಲೆನಾಡಿನಲ್ಲಿ ಇದೇನೂ ಆಶ್ಚರ್ಯವಲ್ಲ, ಅಷ್ಟು ಮಳೆ ಸುರಿದ ಮಣ್ಣಿನಲ್ಲಿ ಲವಣ ಉಳಿಯುವುದೆಲ್ಲಿ? ಆರ್‌ಒ ಬೇಕಾಗುವುದು ಉಪ್ಪು, ಫ್ಲೋರೈಡ್ ಇರುವ ನೀರಿಗೆ. ಪಾವಗಡ, ಕೋಲಾರದ ಕಡೆ ಆಳದ ಬೋರ್‌ವೆಲ್ ನೀರು ಕುಡಿಯುವವರಿಗೆ ಅದು ನಿಜಕ್ಕೂ ಬೇಕು. ನಮ್ಮ ಬಾವಿಯ ತೊಂದರೆ ಅದಲ್ಲ, ಮಳೆಗಾಲದಲ್ಲಿ ಕೊಚ್ಚಿಕೊಂಡು ಬಂದು ಸೇರುವ ಕೊಳೆ, ರೋಗಾಣು. ಅದಕ್ಕೆ ಒಂದು ಒಳ್ಳೆಯ ಫಿಲ್ಟರ್, ರೋಗಾಣು ಕೊಲ್ಲುವ ಯುವಿ (ನೇರಳಾತೀತ) ದೀಪ ಸಾಕು. ಬಾವಿಗೆ ಕಟ್ಟೆ ಎತ್ತರಿಸಿ ಮೇಲೆ ಬಲೆ ಹಾಕಿ, ಆಗಾಗ ಕ್ಲೋರಿನ್ ಹಾಕಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಆರ್‌ಒ ಇಟ್ಟರೆ ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಚರಂಡಿಗೆ ಬಿಡುತ್ತದೆ, ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವ ಊರಿನಲ್ಲಿ ಇದು ಯಾವ ನ್ಯಾಯ?

ಆದರೂ ಎಲ್ಲರೂ ಆರ್‌ಒ ಅಂತಲೇ ಯಾಕೆ ಹೇಳುತ್ತಾರೆ? ನನಗೆ ಅನ್ನಿಸುವುದು, ಅದು ದೊಡ್ಡದಾಗಿ ಕಾಣುತ್ತದೆ. ಸ್ಟೀಲ್ ಮೈ, ಮೂರು ನಲ್ಲಿ, ಪಕ್ಕದಲ್ಲಿ ನಿಂತು ಟೇಪ್ ಕತ್ತರಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ. ಬಾವಿಗೆ ಬಲೆ ಹಾಕಿದರೆ ಏನು ಫೋಟೋ ತೆಗೆಯುತ್ತೀರಿ? ಯುವಿ ದೀಪ ವರ್ಷಕ್ಕೊಮ್ಮೆ ಬದಲಿಸಿದ್ದಕ್ಕೆ ಯಾವ ಪತ್ರಿಕೆಯವರೂ ಬರುವುದಿಲ್ಲ. ಜೊತೆಗೆ ಆ ಜುಲೈ ಲೆಕ್ಕ. ಈ ವರ್ಷದ ಅಧ್ಯಕ್ಷರಿಗೆ ಈ ವರ್ಷದ್ದೇ ಅಂತ ಒಂದು ಕೆಲಸ ಬೇಕು, ಹಿಂದಿನವರು ಕೊಟ್ಟದ್ದನ್ನು ರಿಪೇರಿ ಮಾಡಿಸಿದರೆ ಅದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಇದು ನಮ್ಮ ಕ್ಲಬ್ಬಿನ ಮಾತಲ್ಲ, ದಾನ ಕೊಡುವ ಸಂಘಸಂಸ್ಥೆ ಯಾವುದೇ ಇರಲಿ, ಕಥೆ ಹೆಚ್ಚುಕಡಿಮೆ ಇದೇ.

ಯಂತ್ರ ನಿಂತು ಹೋದ ಶಾಲೆಯ ಮುಖ್ಯೋಪಾಧ್ಯಾಯಿನಿ ಪಾಪ ಹೇಳಿದ್ದೂ ಅದನ್ನೇ. "ಯಂತ್ರ ಕೊಟ್ಟರು ಮೇಡಂ, ಫಿಲ್ಟರಿನ ಕ್ಯಾಂಡಲ್ ಬದಲಿಸುವ ದುಡ್ಡು ಯಾವ ಲೆಕ್ಕದಲ್ಲಿ ಹಾಕಬೇಕು ಅಂತ ಯಾರೂ ಹೇಳಿಕೊಡಲಿಲ್ಲ."

ಶನಿವಾರ ಪೂರ್ತಿ ಆಧಾರ್ ಕಾರ್ಡ್, ರೇಷನ್ ಕಾರ್ಡ್ ಝೆರಾಕ್ಸ್ ತೆಗೆಯುವುದರಲ್ಲೇ ಹೋಯಿತು, ಭಾನುವಾರ ಕಣ್ಣಿನ ಶಿಬಿರ ಇತ್ತಲ್ಲ. ಟೋನರ್ ಖರ್ಚು ಕ್ಲಬ್ಬಿಗೆ ಬಿಲ್ ಹಾಕು ಅಂತ ಖಜಾಂಚಿ ಹೇಳಿದ್ದಾರೆ. ಬಿಲ್ ಹಾಕಿದರೆ ಅವರ ಮುಖ ನೋಡಬೇಕು, ಅದಕ್ಕೇ ಹಾಕುವುದಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಹೈಸ್ಕೂಲ್ ಜಗಲಿ ತುಂಬಿತ್ತು. ಮೊದಲು ಹೆಸರು ಬರೆಸಬೇಕು, ಆಮೇಲೆ ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ, ಓದು ಬಾರದವರಿಗೆ ಇಂಗ್ಲಿಷಿನ ಇ ಆಕಾರ ಯಾವ ಕಡೆ ಬಾಯಿ ತೆರೆದಿದೆ ಅಂತ ಬೆರಳಲ್ಲಿ ತೋರಿಸಲು ಹೇಳುತ್ತಾರೆ. ಬಿಪಿ, ಸಕ್ಕರೆ ನೋಡುತ್ತಾರೆ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಪೊರೆ ಬಲಿತಿದೆ ಅಂದರೆ ಅವರ ಹೆಸರು ಬಸ್ಸಿನ ಪಟ್ಟಿಗೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆಪರೇಷನ್ ಮಾಡಿಸಿ, ಕಪ್ಪು ಕನ್ನಡಕ ಹಾಕಿಸಿ ವಾಪಸ್ ತಂದುಬಿಡುವುದು.

ಹಿಂದೆ ಹೀಗಿರಲಿಲ್ಲ. ನಮ್ಮ ಕ್ಲಬ್ಬಿನ ಹಳಬರಿಗೆ ಕಣ್ಣಿನ ಶಿಬಿರ ಅಂದರೆ ಡಾ. ಎಂ. ಸಿ. ಮೋದಿಯವರೇ ನೆನಪು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದವರು, ಊರೂರು ತಿರುಗಿ ಶಿಬಿರದಲ್ಲೇ ಸಾಲಾಗಿ ಮಲಗಿಸಿ ಪೊರೆ ತೆಗೆಯುತ್ತಿದ್ದರು, ಪದ್ಮಭೂಷಣ ಬಂದಿತ್ತು, 2005ರಲ್ಲಿ ತೀರಿಕೊಂಡರು. ಆಗ ಪೊರೆ ತೆಗೆದ ಮೇಲೆ ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡೇ ಇರಬೇಕಿತ್ತು. ಈಗ ಒಳಗೇ ಲೆನ್ಸ್ ಕೂರಿಸುತ್ತಾರೆ. ಸೋಂಕಿನ ಭಯಕ್ಕೆ ಶಾಲೆಯಲ್ಲಿ ಆಪರೇಷನ್ ಮಾಡುವುದೂ ನಿಂತಿದೆ, ಇಲ್ಲಿ ತಪಾಸಣೆ ಮಾತ್ರ.

ತಪಾಸಣೆ ಸುಲಭ. ಒಪ್ಪಿಸುವುದು ಕಷ್ಟ. ಇದು ಅಡಿಕೆ ಕೊಯ್ಲಿನ ಕಾಲ, ಗೊತ್ತಲ್ಲ? ಒಬ್ಬರು ಅಜ್ಜಿ, ಒಂದು ಕಣ್ಣು ಪೂರ್ತಿ ಮಸುಕು, ಇನ್ನೊಂದು ಅರ್ಧ. "ಅಡಿಕೆ ಕೊನೆ ಇಳಿಸೋ ಹೊತ್ತಲ್ಲಿ ನಂಗೆ ಎಂಥ ಆಪರೇಷನ್ನು ಮಾರಾಯ್ತಿ, ಸುಲಿಯೋರು ಯಾರು, ನೀ ಬರ್ತ್ಯಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೆಡಿಕಲ್ ಶಾಪಿನವರು ಬಂದು, "ಅಜ್ಜಿ, ಕಾಣದೆ ಸುಲಿದರೆ ಬೆರಳೇ ಸುಲೀತದೆ, ಈಗ ಹೋಗಿ ಬಾ, ಮುಂದಿನ ಕೊಯ್ಲಿಗೆ ನೀನೇ ಮುಂದೆ ಕೂತ್ಕೋ" ಅಂದರು. ಅಜ್ಜಿ ನಕ್ಕರು, ಬಸ್ ಹತ್ತಿದರು. ಇನ್ನೊಬ್ಬ ಗೌಡರಿಗೆ ಸಕ್ಕರೆ ಕಾಯಿಲೆ ವಿಪರೀತ ಇತ್ತು, ಅದು ಹತೋಟಿಗೆ ಬರುವವರೆಗೆ ಆಪರೇಷನ್ ಬೇಡ ಅಂದರು ಡಾಕ್ಟರು. ಅವರಿಗೆ ಬೇಜಾರು, ನಮ್ಮ ಮೇಲೆ ಸಿಟ್ಟು.

ಗ್ರೂಪ್ ಫೋಟೋ ತೆಗೆದು, ಬ್ಯಾನರ್ ಬಿಚ್ಚಿ, ಉಳಿದ ಉಪ್ಪಿಟ್ಟು ಹಂಚಿ ಎಲ್ಲರೂ ಹೋದರು. ನನ್ನ ಪ್ರಕಾರ ಶಿಬಿರ ಶುರುವಾಗುವುದೇ ಅಲ್ಲಿಂದ. ಮಂಗಳವಾರ ಬಸ್ಸು ವಾಪಸ್ ಬಂತು. ಇನ್ನು ಕೆಲವು ವಾರ ಕಣ್ಣಿಗೆ ಡ್ರಾಪ್ಸ್ ಹಾಕಬೇಕು, ಮೊದಲ ವಾರ ಜಾಸ್ತಿ, ಆಮೇಲೆ ವಾರವಾರ ಕಡಿಮೆ. ತಲೆಗೆ ಸ್ನಾನ ಬೇಡ, ಭಾರ ಎತ್ತಬಾರದು, ಹೊಗೆ ತಾಗಬಾರದು. ಬೆಳಿಗ್ಗೆ ಎದ್ದರೆ ಬಚ್ಚಲ ಒಲೆಗೆ ಬೆಂಕಿ ಹಾಕುವುದೇ ಮೊದಲ ಕೆಲಸ ಅನ್ನುವ ಮನೆಯಲ್ಲಿ ಹೊಗೆ ಬೇಡ ಅಂದರೆ ಆಗುತ್ತದೆಯೇ? ಅದಕ್ಕೇ ಈ ಸಲ ಒಂದು ಕೆಲಸ ಮಾಡಿದ್ದೇವೆ. ಪಟ್ಟಿಯನ್ನು ಸದಸ್ಯರಿಗೆ ಊರಿನ ಪ್ರಕಾರ ಹಂಚಿದ್ದೇವೆ. ಆಯಾ ಊರಿನ ಕಡೆ ಹೋಗುವವರು ಮನೆಗೆ ಹೋಗಿ ಸೊಸೆಗೋ ಮಗನಿಗೋ ಹೇಳಿ ಬರಬೇಕು. ಫೋನ್ ಮಾಡಿದರೆ ಸಾಲದು, ಅರ್ಧ ಊರಿಗೆ ನೆಟ್‌ವರ್ಕ್ ಇಲ್ಲ.

ಈ ಯೋಚನೆಯೂ ಮೇಷ್ಟ್ರದ್ದೇ. ಅವರು ಪಲ್ಸ್ ಪೋಲಿಯೋ ಕಾಲದ ಕತೆ ಹೇಳಿದರು. ಬೂತಿನಲ್ಲಿ ಹನಿ ಹಾಕಿ, ಕಿರುಬೆರಳಿಗೆ ಶಾಯಿ ಹಚ್ಚಿ ಅಲ್ಲಿಗೆ ಮುಗಿಸುತ್ತಿರಲಿಲ್ಲ. ಮನೆಮನೆಗೆ ಹೋಗಿ, ಎಲ್ಲ ಮಕ್ಕಳಿಗೂ ಆಗಿದ್ದರೆ ಬಾಗಿಲಲ್ಲಿ ಸೀಮೆಸುಣ್ಣದಿಂದ ಪಿ, ಯಾರಾದರೂ ಉಳಿದಿದ್ದರೆ ಎಕ್ಸ್. ಎಕ್ಸ್ ಮನೆಗೆ ಮತ್ತೆ ಹೋಗುವುದು. ರೋಟರಿ ಪೋಲಿಯೋ ಕೆಲಸ ಕೈಗೆತ್ತಿಕೊಂಡದ್ದು 1985ರಲ್ಲಿ. ಭಾರತದ ಕೊನೆಯ ಪ್ರಕರಣ 2011ರ ಜನವರಿ 13ರಂದು, ಹೌರಾದ ಒಂದು ಮಗುವಿಗೆ. ಅದಾದ ಮೇಲೂ ಮೂರು ವರ್ಷ ಕಾದು, 2014ರ ಮಾರ್ಚ್ 27ರಂದು ಪೋಲಿಯೋ ಇಲ್ಲ ಅಂತ ಪ್ರಮಾಣಪತ್ರ ಸಿಕ್ಕಿತು. "ಎಕ್ಸ್ ಮನೆಗೆ ಮತ್ತೆ ಹೋಗದಿದ್ದರೆ ಸಿಗುತ್ತಿತ್ತಾ?" ಅಂತ ಮೇಷ್ಟ್ರು ಕೇಳಿದಾಗ ಯಾರೂ ಮಾತಾಡಲಿಲ್ಲ.

ಅಂದ ಹಾಗೆ, ಮನೆಮನೆಗೆ ಹೋಗುವ ಈ ಪಟ್ಟಿಯಲ್ಲಿ ಕ್ಲಬ್ಬಿನ ಹೆಂಗಸರೇ ಜಾಸ್ತಿ. ರೋಟರಿ ಹೆಂಗಸರನ್ನು ಸದಸ್ಯರನ್ನಾಗಿ ಒಪ್ಪಿಕೊಂಡದ್ದು 1989ರಲ್ಲಿ, ಅದೂ ಎರಡು ವರ್ಷ ಮೊದಲು ಅಮೆರಿಕದ ಸುಪ್ರೀಂ ಕೋರ್ಟ್ ಕ್ಯಾಲಿಫೋರ್ನಿಯಾದ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟ ಮೇಲೆ. ಅಲ್ಲಿಯವರೆಗೆ ನಾವೆಲ್ಲ ಸದಸ್ಯರ ಹೆಂಡತಿಯರು, ಅದಕ್ಕೆ "ಆನ್" ಅಂತ ಒಂದು ಪದವಿ. ಈಗಲೂ ಕೆಲವು ಆಮಂತ್ರಣ ಪತ್ರಿಕೆಯಲ್ಲಿ ಹಾಗೇ ಅಚ್ಚಾಗುತ್ತದೆ. ನನ್ನ ಅಂಗಡಿಗೆ ಬಂದರೆ ನಾನು ತಿದ್ದಿಯೇ ಪ್ರಿಂಟ್ ಕೊಡುವುದು.

ಮಂಗಳವಾರ ರಾತ್ರಿ ಬೋರ್ಡ್ ಮೀಟಿಂಗಿನಲ್ಲಿ ನೀರಿನ ಜಗಳಕ್ಕೆ ಒಂದು ತೀರ್ಮಾನ ಆಯಿತು. ಆರ್‌ಒ ಇಲ್ಲ. ಎರಡೂ ಶಾಲೆಯ ಬಾವಿಗೆ ಬಲೆ, ಯಂತ್ರ ಕೊಡಿಸಬೇಕೆಂದಿದ್ದ ಶಾಲೆಗೆ ಯುವಿ ಫಿಲ್ಟರ್. ಹಳೆಯ ಯಂತ್ರದ ಸ್ಟೀಲ್ ಟ್ಯಾಂಕ್, ನಲ್ಲಿ ಚೆನ್ನಾಗಿವೆ, ಅದಕ್ಕೇ ಫಿಲ್ಟರ್ ಜೋಡಿಸಬಹುದಾ ಅಂತ ನೋಡುವುದು. ಉಳಿದ ದುಡ್ಡನ್ನು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜೊತೆ ಮಾತಾಡಿ ಫಿಲ್ಟರ್, ದೀಪ ಬದಲಿಸುವುದಕ್ಕೆ ಅಂತಲೇ ಎತ್ತಿಡುವುದು. ಮುಂದಿನ ಕಾರ್ಯದರ್ಶಿಗೆ ಫೈಲ್ ಕೊಡುವಾಗ ದೀಪ ಬದಲಿಸಬೇಕಾದ ತಾರೀಖು ಮೊದಲ ಪುಟದಲ್ಲೇ ಇರುತ್ತದೆ, ಅದನ್ನು ನಾನು ಕೆಂಪು ಅಕ್ಷರದಲ್ಲಿ ಬರೆಯುತ್ತೇನೆ. ಅಧ್ಯಕ್ಷರಿಗೆ ಸ್ವಲ್ಪ ಬೇಸರವಾಗಿದೆ. ಟೇಪ್ ಕತ್ತರಿಸಲು ಬೇಕಾದರೆ ಬಾವಿ ಬಲೆಗೇ ಕಟ್ಟೋಣ ಅಂತ ಖಜಾಂಚಿ ಹೇಳಿ ಬೈಸಿಕೊಂಡರು.

ಬರುವ ಗುರುವಾರ ಅತಿಥಿಯಾಗಿ ಪಶುವೈದ್ಯರು ಬರುತ್ತಾರೆ, ದನಗಳ ಚರ್ಮಗಂಟು ರೋಗದ ಬಗ್ಗೆ ಮಾತು. ಹಾಲು ಸೊಸೈಟಿಯವರೂ ಬರಬಹುದು, ಸದಸ್ಯರೇ ಆಗಬೇಕೆಂದಿಲ್ಲ. ಇನ್ನೊಂದು, ಹಳೆಯ ಯಂತ್ರದ ಪೈಪು, ವಾಲ್ವ್ ಬಿಚ್ಚಿ ಜೋಡಿಸಲು ಬರುವ ಪ್ಲಂಬರ್ ಹುಡುಗರು ಯಾರಾದರೂ ಇದ್ದರೆ ಅಂಗಡಿ ಹತ್ತಿರ ಬಂದು ಹೇಳಿ. ಕೂಲಿ ಕೊಡುತ್ತೇವೆ, ಪುಕ್ಕಟೆ ಸೇವೆ ಕೇಳುವುದಿಲ್ಲ.