ಚಿತ್ರವಿಲ್ಲದ ಮಾರಿಯೋ

1996ರ ಬೇಸಿಗೆ ರಜೆ. ಹಾಸನದ ನಮ್ಮ ಮನೆಯ ಕಪ್ಪು ಬಿಳುಪು ಟಿ.ವಿ.ಗೆ ಏನಾಯಿತೋ, ಚಿತ್ರ ಪೂರ್ತಿ ಹೋಯಿತು. ಸದ್ದು ಮಾತ್ರ ಬರುತ್ತಿತ್ತು. ರಿಪೇರಿಯವರು ಬರುವುದು ಸೋಮವಾರ. ವಿಡಿಯೋ ಗೇಮಿನಲ್ಲಿ ಸೂಪರ್ ಮಾರಿಯೋ ಬ್ರದರ್ಸ್ ಕ್ಯಾಸೆಟ್ ಹಾಗೇ ಇತ್ತು, ಮಾರಿಯೋನನ್ನು ಓಡಿಸುತ್ತಾ ಹಾರಿಸುತ್ತಾ ಹೋಗುವ ಆಟ. ನನಗೆ ಅಳುವೇ ಬಂತು.

ಮೊದಲ ಹಂತ ಬಾಯಿಪಾಠ ಆಗಿತ್ತಲ್ವಾ, ಕಿವಿಯಲ್ಲೇ ಆಡಿ ನೋಡೋಣ ಅಂತ ಶುರು ಮಾಡಿದೆ. ಪಕ್ಕದಲ್ಲಿ ಅಕ್ಕ ಸಂಗೀತದ ಪಾಠ ಬರೆದುಕೊಳ್ಳುತ್ತಿದ್ದಳು. ಒಮ್ಮೆ ತಲೆ ಎತ್ತಿ, "ಲೋ, ನೀನು ಹಾರಿದಾಗಲೆಲ್ಲ ಹಾಡಿನಲ್ಲಿ ಒಂದು ದನಿ ನಿಂತುಹೋಗುತ್ತೆ ಕಣೋ. ಸ್ವಲ್ಪ ಹೊತ್ತು ಹಾರಬೇಡ, ಮಾರಿಯೋನ ಸುಮ್ನೆ ನಿಲ್ಲಿಸು" ಅಂದಳು.

ಆ ಆಟವನ್ನು ಅಷ್ಟು ದಿನ ಆಡಿದ್ದ ನನಗೆ ಅದು ಗೊತ್ತೇ ಆಗಿರಲಿಲ್ಲ. ಅವಳು ಹೇಳಿದ್ದು ನಿಜ ಅಂತ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಆಟ ಮಾಡಿದ ಜಪಾನಿನ ನಿಂಟೆಂಡೋ ಕಂಪನಿಯ 8 ಬಿಟ್ ಯಂತ್ರದಲ್ಲಿ ಒಟ್ಟು ಐದೇ ದನಿ. ಎರಡು ರಾಗಕ್ಕೆ. ಒಂದು ಕೆಳಸ್ಥಾಯಿಗೆ. ಇನ್ನೊಂದು ಬರೀ ಗದ್ದಲ, ಅದರಿಂದಲೇ ಡ್ರಮ್ಮಿನ "ಚಿಸ್ ಚಿಸ್". ಐದನೆಯದು ರೆಕಾರ್ಡ್ ಮಾಡಿದ ತುಣುಕುಗಳಿಗೆ. ಹಾರುವ ಸದ್ದಿಗೆ ಅಂತ ಬೇರೆ ಜಾಗ ಇರಲಿಲ್ಲ. ಹಾಗಾಗಿ ರಾಗದ ಒಂದು ದನಿ ಕ್ಷಣಕಾಲ ಸುಮ್ಮನಾಗಿ ಅದಕ್ಕೆ ದಾರಿ ಬಿಡುತ್ತಿತ್ತು. 1985ರಲ್ಲಿ ನಿಂಟೆಂಡೋದ ಸಂಗೀತಗಾರ ಕೋಜಿ ಕೊಂಡೊ ಇಷ್ಟರಲ್ಲೇ ಆ ಹಾಡು ಕಟ್ಟಿದರು. ಇಡೀ ಆಟ ಹಿಡಿಸಿದ್ದು 40 ಕೆಬಿಯಲ್ಲಿ! ಚಿತ್ರದಲ್ಲೂ ಇದೇ ಜಾಣತನ. ಮೇಲಿನ ಮೋಡ, ಕೆಳಗಿನ ಪೊದೆ ಎರಡೂ ಒಂದೇ ಆಕಾರ, ಬಣ್ಣ ಮಾತ್ರ ಬೇರೆ. ನಮ್ಮ ಟಿ.ವಿ.ಯಲ್ಲಿ ಬಣ್ಣವೂ ಇರಲಿಲ್ಲ. ಆದರೂ ಅದು ಮೋಡ, ಇದು ಪೊದೆ ಅಂತಲೇ ನಂಬಿದ್ದೆ.

ಆ ಮಧ್ಯಾಹ್ನ ಮತ್ತೆ ಮೊದಲಿನಿಂದ ಶುರು ಮಾಡಿ ಯಾವ ಗುಂಡಿಯನ್ನೂ ಒತ್ತದೆ ಕೂತೆ. ಮಾರಿಯೋ ಎಲ್ಲೋ ಕತ್ತಲಲ್ಲಿ ನಿಂತಿದ್ದ. ಹಾಡು ಮಾತ್ರ ಸುತ್ತಿ ಸುತ್ತಿ ಬರುತ್ತಿತ್ತು. ಅಕ್ಕ ನೋಟ್‌ಬುಕ್ ಮುಚ್ಚಿ, ತೊಡೆ ತಟ್ಟುತ್ತಾ ಮೇಲಿನ ರಾಗ ಬಿಟ್ಟು ಕೆಳಗಿನ ದನಿಯನ್ನು ಗುನುಗಿದಳು. ಅದು ಬರೀ ಜೊತೆಗೆ ಹೋಗುವ ಸದ್ದಲ್ಲ, ತನ್ನದೇ ದಾರಿಯಲ್ಲಿ ಓಡುವ ಇನ್ನೊಂದು ಹಾಡು ಅಂತ ಆಗ ಕೇಳಿಸಿತು. ಒಮ್ಮೆ ಕೇಳಿಸಿದ ಮೇಲೆ ಅದನ್ನು ಬಿಟ್ಟು ಕೇಳಲು ಇವತ್ತಿಗೂ ನನಗೆ ಆಗುವುದಿಲ್ಲ.

ಅಷ್ಟರಲ್ಲಿ ಎಚ್ಚರಿಕೆಯ ಸದ್ದು. ಆ ಹಂತ ಮುಗಿಸಲು ಆಟ ಕೊಡುವ ಸಮಯ 100ಕ್ಕಿಂತ ಕೆಳಗೆ ಇಳಿದಿತ್ತು. ಹಾಡು ವೇಗ ಹಿಡಿಯಿತು.

"ಎರಡನೇ ಕಾಲ! ದುಪ್ಪಟ್ಟು ವೇಗ!" ಅಂದೆ.

"ಪೂರ್ತಿ ಇಲ್ಲ ಕಣೋ," ಅಂದಳು ಅಕ್ಕ. ತೊಡೆಯ ಮೇಲಿನ ತಾಳ ಜೋರಾಯಿತು. ಸಮಯ ಮುಗಿದು ಮಾರಿಯೋ ಸತ್ತ ಸದ್ದು ಬಂದಾಗ ಇಬ್ಬರೂ ಒಂದು ಗಳಿಗೆ ಸುಮ್ಮನಿದ್ದೆವು.

"ಇನ್ನೊಂದು ಸಲ ಹಾಕು," ಅಂದಳು.