ಕಾಕಾನ ಒಪ್ಪಂದದ ಒಂದು ಸಾಲು

2015ರ ಜುಲೈನ ಒಂದು ಭಾನುವಾರ. ಕಾಕಾ ಕುಷ್ಟಗಿ ಕಡೆಯ ನಮ್ಮೂರಿನಿಂದ ಕೊಪ್ಪಳದ ಮನೆಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರೊಳಗೆ ಇಂಗ್ಲಿಷಿನಲ್ಲಿದ್ದ ದಪ್ಪನೆಯ ಕಾಗದದ ಕಟ್ಟು. "ಯವ್ವಾ, ನಾಳೆ ಸಹಿ ಮಾಡಬೇಕಂತ. ಏನ್ ಬರದಾರ ಒಂದ್ಸಲ ಓದಿ ಹೇಳು" ಅಂದರು. ನಾನು ಆಗಷ್ಟೇ ವಕೀಲರೊಬ್ಬರ ಕೈಕೆಳಗೆ ಕೆಲಸಕ್ಕೆ ಸೇರಿದ್ದೆ.

ಅದು ಸೋಲಾರ್ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರುವ ಒಪ್ಪಂದ. ಎಲ್ಲರೂ ಪಿಪಿಎ (ಪವರ್ ಪರ್ಚೇಸ್ ಅಗ್ರಿಮೆಂಟ್) ಅನ್ನುತ್ತಾರಲ್ಲ, ಅದು. ಹೊಲ ಇದ್ದ ರೈತರು 1ರಿಂದ 3 ಮೆಗಾವ್ಯಾಟ್ ತನಕ ಘಟಕ ಹಾಕಬಹುದು ಅಂತ ರಾಜ್ಯದ 2014ರ ಸೋಲಾರ್ ನೀತಿಯಲ್ಲಿ ಅವಕಾಶ ಇತ್ತು. ಯೂನಿಟ್‌ಗೆ 8 ರೂಪಾಯಿ 40 ಪೈಸೆ, 25 ವರ್ಷ. ಮಳೆ ಬಂದರೆ ಸಜ್ಜೆ, ಬರದಿದ್ದರೆ ಏನೂ ಇಲ್ಲ ಅನ್ನುವ ಮಸಾರಿ ಹೊಲದವರಿಗೆ ಇದು ಎಂಥ ಮಾತು ಅಂತ ನಮ್ಮ ಕಡೆಯವರಿಗೇ ಗೊತ್ತು. ಕಾಕಾ 1 ಮೆಗಾವ್ಯಾಟ್‌ಗೆ ಕೈ ಹಾಕಿದ್ದರು.

ಊಟದ ಹೊತ್ತು ಬಿಟ್ಟರೆ ಇಡೀ ದಿನ ಓದಿದೆವು. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುವುದು, ಕಾಕಾ ಕೇಳುವುದು. "ಕರೆಂಟ್ ತಗೊಂಡು ರೊಕ್ಕ ಕೊಡಲಿಲ್ಲಂದ್ರ?" ಅಂದರು. ತಡ ಮಾಡಿದರೆ ಬಡ್ಡಿ ಕೊಡಬೇಕು ಅಂದೆ. "ಇದರಾಗ ಏನರ ಬದಲಿ ಮಾಡಾಕ ಬರ್ತೈತೇನು?" ಅಂತ ಕೇಳಿದರು. ಬರಲ್ಲ ಕಾಕಾ, ಇದು ಕರೆಂಟಿನ ದರ ನಿಗದಿ ಮಾಡುವ ರಾಜ್ಯದ ಆಯೋಗ ಒಪ್ಪಿದ ನಮೂನೆ, ಎಲ್ಲರಿಗೂ ಒಂದೇ ಅಂದೆ. ಕಾಕಾನ ಮುಖ ಅರಳಿತು. "ಹಂಗಾದ್ರ ಛಲೋ ಆತು. ನನಗೊಂದು, ಮಗ್ಗಲ ಹೊಲದಾವಗ ಒಂದು ಅಂತಿಲ್ಲ."

ಆ ಮಾತು ನನಗೆ ಈಗಲೂ ಸರಿ ಅನಿಸುತ್ತದೆ. ಐದಾರು ಎಕರೆಯ ರೈತ ವಿದ್ಯುತ್ ಕಂಪನಿಯ ಮುಂದೆ ಕೂತು ಚೌಕಾಸಿ ಮಾಡಲು ಸಾಧ್ಯ ಇದೆಯಾ? ನಮೂನೆ ಒಂದೇ ಆದರೆ ಆ ಜಗಳವೇ ಇಲ್ಲ. ಮುಂದೆ ಬ್ಯಾಂಕಿನಲ್ಲೂ ಇದನ್ನೇ ಕಂಡೆ. ಮ್ಯಾನೇಜರ್ ಇಡೀ ಕಟ್ಟು ಓದಲೇ ಇಲ್ಲ. ಕೈಬರಹ ಇದ್ದ ಪುಟಗಳನ್ನಷ್ಟೇ ತಿರುವಿದರು: ಹೆಸರು, ಸರ್ವೆ ನಂಬರ್, ದರ, ತಾರೀಖು. ಉಳಿದದ್ದು ಅವರಿಗೆ ಮೊದಲೇ ಗೊತ್ತಿತ್ತು.

ಆ ಭಾನುವಾರ ಸಂಜೆ ಒಂದು ಸಾಲಿಗೆ ಬಂದೆವು. 18 ತಿಂಗಳೊಳಗೆ ಘಟಕ ಶುರುವಾಗಬೇಕು. ತಡವಾಗಿ, ಅಷ್ಟರೊಳಗೆ ಆಯೋಗದ ದರ ಬದಲಾಗಿದ್ದರೆ, ಹಳೆಯದು ಹೊಸದು ಎರಡರಲ್ಲಿ ಯಾವುದು ಕಡಿಮೆಯೋ ಅದೇ ಸಿಗುತ್ತದೆ. ಹೇಳಿದೆ. "ಒಂದೂವರಿ ವರ್ಷ ಭಾಳಾತು" ಅಂದರು ಕಾಕಾ. ನಾನೂ ಪುಟ ತಿರುವಿದೆ. ಅಲ್ಲಿ ನಿಲ್ಲಬೇಕಿತ್ತು.

ಘಟಕದ ಕರೆಂಟ್ ಹೊರಗೆ ಒಯ್ಯುವ ಲೈನಿನ ಮಂಜೂರಾತಿ ಒಂದು ಕಚೇರಿಯಲ್ಲಿ ಐದು ತಿಂಗಳು ಕೂತಿತು. ಕಾಕಾ ಹನ್ನೊಂದು ಸಲ ಅಲ್ಲಿಗೆ ಹೋದರು. ಪ್ರತಿ ಸಲ "ಮುಂದಿನ ವಾರ ಬರ್ರಿ". 2017ರ ಜನವರಿಗೆ ಗಡುವು ಮುಗಿಯಿತು. ನಮ್ಮ ಘಟಕ ಶುರುವಾಗಿದ್ದು ಫೆಬ್ರವರಿ ಕೊನೆಗೆ. ಅಷ್ಟರಲ್ಲಿ ಪ್ಯಾನೆಲ್ ಬೆಲೆ ಇಳಿದಿತ್ತು, ಆಯೋಗ ಹೊಸ ದರ 6 ರೂಪಾಯಿ 51 ಪೈಸೆ ಅಂತ ಮಾಡಿತ್ತು.

ಅಡುಗೆ ಮನೆಯ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. 1 ಮೆಗಾವ್ಯಾಟ್‌ಗೆ ವರ್ಷಕ್ಕೆ ಸುಮಾರು 16 ಲಕ್ಷ ಯೂನಿಟ್. ಯೂನಿಟ್‌ಗೆ 1 ರೂಪಾಯಿ 89 ಪೈಸೆ ಕಡಿಮೆ. ವರ್ಷಕ್ಕೆ 30 ಲಕ್ಷ ರೂಪಾಯಿ! ಕಾಕಾ ಬಹಳ ಹೊತ್ತು ಆ ಅಂಕಿ ನೋಡುತ್ತಾ ಕೂತರು. ಚಹಾ ಆರಿ ಹೋಯಿತು.

ಆ ಸಾಲೇ ತಪ್ಪು ಅಂತ ನಾನು ಹೇಳಲ್ಲ. ಬೇಕಂತಲೇ ಕಾಯ್ದು, ಅಗ್ಗದ ಪ್ಯಾನೆಲ್ ತಂದು, ಹಳೆಯ ದರ ಕೇಳುವವರಿಗೆ ಅದು ಬೇಕು. ಆ ಹೆಚ್ಚಿನ ರೊಕ್ಕ ಕೊನೆಗೆ ನಮ್ಮೆಲ್ಲರ ಬಿಲ್ಲಿನಿಂದಲೇ ಹೋಗೋದು ಅಲ್ವಾ? ಸರ್ಕಾರದ ಅನುಮತಿ ಸಿಗದೆ ತಡವಾದರೆ ವಿನಾಯಿತಿ ಕೇಳಬಹುದು ಅಂತಲೂ ಹಿಂದಿನ ಪುಟದಲ್ಲಿ ಇತ್ತು. ಆದರೆ ಆಗಿಂದಾಗಲೇ ಬರಹದಲ್ಲಿ ತಿಳಿಸಬೇಕು. ಕಾಕಾನ ಹತ್ತಿರ ಹನ್ನೊಂದು ಸಲದ ಬಸ್ ಟಿಕೆಟ್ ಇದ್ದವು, ಒಂದೂ ಪತ್ರ ಇರಲಿಲ್ಲ. ಬೇರೆ ಕೆಲವರು ಆಯೋಗದ ತನಕ ಹೋದರು. ನಮಗೆ ಸಾಲದ ಕಂತು ಶುರುವಾಗಿತ್ತು. ಕಡಿಮೆ ದರಕ್ಕೆ ಕಾಕಾ ಇನ್ನೊಂದು ಸಲ ಸಹಿ ಹಾಕಿದರು.

ಎಲ್ಲರಿಗೂ ಒಂದೇ ನಮೂನೆ ಅಂದಮೇಲೆ ಅದನ್ನು ಬರೆಯುವವರ ಕಣ್ಣ ಮುಂದೆ ಕಾಕಾನಂಥವರೂ ಇರಬೇಕು. ಕಚೇರಿಯಲ್ಲಿ ಫೈಲ್ ಕೂತ ದಿನಗಳು ಯಾರೂ ಕೇಳದೆಯೇ ಗಡುವಿಗೆ ಸೇರಬೇಕು. ಮೊದಲ ಪುಟದಲ್ಲೇ ದರ, ಗಡುವು, ಯಾವಾಗ ಯಾರಿಗೆ ಪತ್ರ ಬರೆಯಬೇಕು ಅನ್ನೋದು ದೊಡ್ಡ ಅಕ್ಷರದಲ್ಲಿ ಇರಬೇಕು, ಅದೂ ಕನ್ನಡದಲ್ಲಿ.

ಆಮೇಲೆ 2019ರಲ್ಲಿ ಬಂದ ಕೇಂದ್ರ ಸರ್ಕಾರದ ಕುಸುಮ್ ಸೋಲಾರ್ ಯೋಜನೆಯಲ್ಲೂ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್ ತನಕ ಹಾಕಲು ರೈತರಿಗೆ ಅವಕಾಶ ಕೊಟ್ಟರು. ಅದಕ್ಕೂ ಒಂದು ಮಾದರಿ ಒಪ್ಪಂದ ಇದೆ. ಕೇಳಿಕೊಂಡು ನನ್ನ ಹತ್ತಿರ ಬರುವವರಿಗಾಗಿ ಒಂದು ಕನ್ನಡ ಪ್ರತಿ ಬರೆಯುತ್ತಿದ್ದೇನೆ. ಮೊದಲು ಕಾಕಾನ ಹಳೆಯ ಕಟ್ಟಿನಿಂದಲೇ ಶುರು ಮಾಡಿದೆ. ಭಾನುವಾರ ಅವರಿಗೆ ಓದಿ ತೋರಿಸುತ್ತೇನೆ, ತಿಳಿಯದ ಕಡೆ ಅವರು ನಿಲ್ಲಿಸುತ್ತಾರೆ.

ಮೊನ್ನೆ ಅದೇ ಸಾಲಿಗೆ ಬಂದೆವು. ಕಾಕಾ ಎರಡು ಸಲ ಓದಿಸಿದರು. ಆಮೇಲೆ, "ಯಾರ ಕಡಿಂದ ತಡ ಅಂತ ಎಲ್ಲೈತಿ ಯವ್ವಾ?" ಅಂದರು.

ಆ ಸಾಲಿನಲ್ಲಿ ಅದು ಇರಲಿಲ್ಲ.